ವಾಲಿದ ಅಂದಾಜು

ನನ್ನ ಮೇಷ್ಟ್ರೇ,

ತೊಂಬತ್ತರ ದಶಕದಲ್ಲಿ ನಾನು ಪಿಯುಸಿ ಓದುವಾಗ ಹೊಳಲ್ಕೆರೆಯ ನಿಮ್ಮ ಮನೆಯ ಜಗಲಿಯಲ್ಲಿ ಅಂದಾಜಿಗಿರುವ ಮಿತಿಯನ್ನು ವಿವರಿಸಿದಿರಿ. ನಾಲ್ಕೇ ಹೊಲದ ಶೇಂಗಾ ತೂಗಿ ಇಡೀ ಹಳ್ಳಿಯ ಇಳುವರಿ ಅಂದಾಜು ಮಾಡಬೇಕು. "ಎಷ್ಟೇ ಜಾಣ ಸೂತ್ರ ತಂದ್ರೂ ಅಷ್ಟೇ ಕಣವ್ವಾ, ಯಾವ ಕಡೆಗೂ ವಾಲದ ಅಂದಾಜು ಇಷ್ಟಕ್ಕಿಂತ ನಿಖರ ಆಗಲ್ಲ. ನಾಲ್ಕು ಹೊಲಕ್ಕೆ ಗೊತ್ತಿರೋದೇ ಅಷ್ಟು," ಎಂದಿರಿ. ತನಗೆ ಎಷ್ಟು ತಿಳಿಯದು ಎಂಬುದನ್ನೂ ಗಣಿತ ಇಷ್ಟು ಖಚಿತವಾಗಿ ಹೇಳಬಲ್ಲದೇ? ಆ ಬೆರಗಿನಿಂದಲೇ ನಾನು ಸಂಖ್ಯಾಶಾಸ್ತ್ರ ಓದಿದ್ದು, ಚಿತ್ರದುರ್ಗದಲ್ಲಿ ಅದನ್ನೇ ಕಲಿಸಲು ನಿಂತದ್ದು.

ನಿಮ್ಮ ನಿವೃತ್ತಿಯ ಮರುವರ್ಷ ನೋಟ್‌ಬುಕ್ ಹಿಡಿದು ನಮ್ಮ ಕಾಲೇಜಿಗೆ ಬಂದಿರಿ. "ಮಿತಿ ದಾಟ್ಬಿಟ್ಟೆ ಕಣವ್ವಾ!" ಪ್ರತಿ ಹಳ್ಳಿಯ ಅಂದಾಜನ್ನು ಹೋಬಳಿಯ ಸರಾಸರಿಯ ಕಡೆಗೆ ತುಸು ಎಳೆಯುವ ಸೂತ್ರ. ಸಹೋದ್ಯೋಗಿಗಳೆಲ್ಲ ಸುತ್ತ ನಿಂತಿದ್ದರು. ಅರ್ಧ ಗಂಟೆ ನೋಡಿ ಹೇಳಿದೆ: "ದಾಟಿಲ್ಲ ಸಾರ್. ಎಳೆದ ಕೂಡ್ಲೇ ಇದು ವಾಲ್ತು. ಆ ಮಿತಿ ವಾಲದ ಅಂದಾಜಿಗೆ. ನೀವೇ ಹೇಳ್ಕೊಟ್ಟಿದ್ದಲ್ಲ?" ಯಾರೋ ನಕ್ಕರು. ನಾನೂ ನಕ್ಕೆನೇ? "ಹೌದಲ್ಲ," ಎಂದಿರಿ. "ಬಸ್ಸಿಗೆ ಹೊತ್ತಾತು." ಕೊಟ್ಟ ಚಹಾ ಹಾಗೇ ಉಳಿಯಿತು.

ಆಮೇಲೆ ನೀವು ಬರಲಿಲ್ಲ. ನಾನಾದರೂ ಬರಬಹುದಿತ್ತು, ದೂರವೇನಲ್ಲ. ಸರಿ ಇದ್ದದ್ದನ್ನೇ ಹೇಳಿದ್ದಕ್ಕೆ ಕ್ಷಮೆ ಯಾಕೆ ಕೇಳಬೇಕು ಅಂತ ಎರಡು ವರ್ಷ... ಈಗ ಪಾಠ ಮುಗಿದ ಖಾಲಿ ಕೊಠಡಿಯಲ್ಲಿ ಬೋರ್ಡ್ ಒರೆಸುತ್ತಾ ನಿಮ್ಮೊಡನೆ ವಾದಿಸುತ್ತೇನೆ. ಎರಡೂ ಕಡೆಯ ಮಾತು ನಾನೇ ಆಡಬೇಕು.

ನಿಮ್ಮ ತಿಥಿಯ ದಿನ ನಿಮ್ಮ ಮನೆಯವರು, ನೀಲಮ್ಮನವರು, ಆ ನೋಟ್‌ಬುಕ್ ನನ್ನ ಕೈಗಿಟ್ಟರು. "ನಿನ್ ಹತ್ರ ಬಂದೋದ ಮ್ಯಾಲೆ ಸುಗ್ಗಿ ಪೂರ್ತಿ ಧರ್ಮಪುರ, ಯಲ್ಲದಕೆರೆ ಅಂತ ಅಲೆದ್ರವ್ವಾ. ರೈತ್ರು ತೂಗಿದ್ದೆಲ್ಲಾ ಬರ್ಕಂಡ್ ಬರೋರು. ನಿನ್ನ ಒಂದಿನಾನೂ ಬೈಲಿಲ್ಲ. ಆ ಹುಡುಗಿ ಸರಿಯಾಗೇ ಹೇಳ್ತು ಅನ್ನೋರು." ಕೊನೆಯ ಪುಟಗಳಲ್ಲಿ ಒಂಬತ್ತು ಹಳ್ಳಿಗಳ ಪೂರ್ಣ ಇಳುವರಿ ಇತ್ತು. ಅದನ್ನು ಅಂದಾಜಿನೊಡನೆ ಹೋಲಿಸುವ ಕಾಲಂ ಮಾತ್ರ ಖಾಲಿ.

ಅದನ್ನು ನಾನು ತುಂಬಿದೆ ಮೇಷ್ಟ್ರೇ. ಎರಡು ಹಳ್ಳಿಗಳಲ್ಲಿ ನಾಲ್ಕು ಹೊಲದ ನೇರ ಸರಾಸರಿ ನಿಜಕ್ಕೆ ಹತ್ತಿರವಿತ್ತು. ಏಳರಲ್ಲಿ ನಿಮ್ಮ ವಾಲಿದ ಅಂದಾಜು. ಮತ್ತೆ ಲೆಕ್ಕಕ್ಕೆ ಕೂತೆ. ಎಲ್ಲ ಹಳ್ಳಿ ಸೇರಿಸಿ ನೋಡಿದರೆ, ವಾಲಿದ್ದರಿಂದ ಬಂದ ತಪ್ಪಿಗಿಂತ ಅಂದಾಜಿನ ಏರಿಳಿತ ತಗ್ಗಿದ್ದರಿಂದ ಸಿಕ್ಕ ಲಾಭವೇ ದೊಡ್ಡದು. ಮಿತಿ ದಾಟಿರಲಿಲ್ಲ, ನಿಜ. ಅದರ ಪಕ್ಕದಲ್ಲೇ ದಾರಿ ಇತ್ತು. ಬೇರೆಯವರು ಅದನ್ನು ಮೊದಲೇ ಕಂಡಿದ್ದರಂತೆ. ನೀವು ಯಾವ ಪುಸ್ತಕದ ಹಂಗಿಲ್ಲದೆ, ಒಬ್ಬರೇ ಕಂಡಿರಿ. ನಾನು ಅದನ್ನು ಅರ್ಧ ಗಂಟೆಯಲ್ಲಿ ಮುಚ್ಚಿಬಿಟ್ಟೆ.

ಸೋಮವಾರ ಕೊನೆಯ ವರ್ಷದವರಿಗೆ ಈ ಮಿತಿಯದೇ ಪಾಠವಿದೆ. ನಿಮ್ಮ ಹೆಸರು ಹೇಳಿಯೇ ಒಂಬತ್ತು ಹಳ್ಳಿಗಳನ್ನು ಬೋರ್ಡಿನ ಮೇಲೆ ಬರೆಯುತ್ತೇನೆ. ನಮ್ಮಿಬ್ಬರಲ್ಲಿ ಯಾರು ಸರಿ ಎಂದು ಹುಡುಗರು ಕೇಳಿದರೆ, ಇಬ್ಬರೂ ಸರಿ, ಹೊಲಕ್ಕೆ ಹೋಗಿ ನೋಡಿದವರು ಮಾತ್ರ ಒಬ್ಬರೇ ಎನ್ನುತ್ತೇನೆ.

ನಿಮ್ಮ
ಗಿರಿಜಾ