ಎಡಕ್ಕೆ ಮುಖ ಮಾಡಿ ಹೊರಟ ಚಂದ್ರಿ

ದಾಸನಕೊಪ್ಪ
ಭಾನುವಾರ, ೧೬ ನವೆಂಬರ್ ೨೦೨೫

ಪ್ರೀತಿಯ ಮಾವನವರಿಗೆ, ಸೊಸೆ ತನುಜಾಳ ನಮಸ್ಕಾರಗಳು.

ಸೊಂಟದ ನೋವು ಈಗ ಹೇಗಿದೆ? ನಿದ್ದೆ ಸರಿಯಾಗಿ ಬರುತ್ತದೆಯೇ? ಇಡಗುಂದಿಯಲ್ಲಿ ನಮ್ಮಲ್ಲಿಗಿಂತ ಚಳಿ ಜಾಸ್ತಿಯಂತೆ, ಕಿವಿಗೆ ಮಫ್ಲರ್ ಸುತ್ತಿಕೊಳ್ಳಿ. ಹೇಗೂ ಆ ಕಿವಿಗೆ ಬೇರೆ ಕೆಲಸವಿಲ್ಲ! ಫೋನಿನಲ್ಲಿ ನಿಮಗೆ ಕೇಳಿಸುವಷ್ಟು ಜೋರಾಗಿ ಮಾತಾಡಿದರೆ ನಮ್ಮ ಮನೆಯ ಸುದ್ದಿ ಇಡೀ ದಾಸನಕೊಪ್ಪಕ್ಕೆ ಗೊತ್ತಾಗುತ್ತದೆ, ಅದಕ್ಕೇ ಈ ಕಾಗದ. ದೇವಿ ಅತ್ತಿಗೆ ದಿನಾ ಫೋನ್ ಮಾಡುತ್ತಾರೆ. ಆಪರೇಷನ್ ಚೆನ್ನಾಗಿ ಆಗಿದೆ, ಇನ್ನು ವಾಕರ್ ಹಿಡಿದು ನಡೆಯಲೇಬೇಕು ಎಂದು ಡಾಕ್ಟರು ಹೇಳಿದ್ದಾರಂತೆ. ನೀವು ಮಾತ್ರ ಮಂಚ ಬಿಟ್ಟು ಏಳುವುದಿಲ್ಲವಂತೆ. "ಅಪ್ಪ ಹೊಸ್ತಿಲು ದಾಟೂದೇ ಇಲ್ಲ ಮಾರಾಯ್ತಿ, ನಾನು ಎಂತ ಮಾಡ್ಲಿ?" ಎಂದು ನಿನ್ನೆ ಅತ್ತೇಬಿಟ್ಟರು. ಈಗ ನಡೆಯದಿದ್ದರೆ ಮುಂದೆ ನಡೆಯುವುದೇ ಕಷ್ಟವಂತೆ. ನನಗೆ ಭಯವಾಗುತ್ತಿದೆ ಮಾವಾ.

ಇನ್ನು ನಿಮ್ಮ ಕುದುರೆ ಚಂದ್ರಿಯ ಸುದ್ದಿ. ಆಯುಷ್ಯವಿಡೀ ಕುದುರೆಯ ಮೇಲಿಂದ ಬೀಳದವರು ಹೋಗಿ ಬಚ್ಚಲಲ್ಲಿ ಬಿದ್ದಿರಿ. ಇಡಗುಂದಿಗೆ ಹೊರಡುವಾಗ, "ಅದನ್ನ ಅಂಕೋಲೆಯ ಮಂಜಪ್ಪಂಗೆ ಕೊಟ್ಬಿಡಿ. ಯಾವತ್ತು ಕಳಸ್ತೀರಿ ಅಂತ ಮಾತ್ರ ನಂಗೆ ಹೇಳೂದು ಬ್ಯಾಡ" ಎಂದಿದ್ದಿರಿ. ಸರಿ, ದಿನ ಹೇಳುವುದಿಲ್ಲ. ಮಂಜಪ್ಪ ನಿಮ್ಮ ಹಳೆಯ ಗೆಳೆಯರು, ಅವರ ಮನೆಯಲ್ಲಿ ಈಗಾಗಲೇ ಒಂದು ಕುದುರೆಯಿದೆ, ಚಂದ್ರಿಗೆ ಜೊತೆಯಾಗುತ್ತದೆ. ಇಲ್ಲಿ ಅವಳನ್ನು ಓಡಿಸುವವರಿಲ್ಲದೆ ನಿಂತು ನಿಂತು ಕಾಲು ಬಾತುಕೊಳ್ಳುತ್ತಿದೆ. ಆದರೆ ಒಂದು ಕುದುರೆಯನ್ನು ಊರಿಂದೂರಿಗೆ ಸಾಗಿಸಲು ಏನೆಲ್ಲ ನಿಯಮಗಳಿವೆ ಎಂಬುದನ್ನು ಯಾರಿಗಾದರೂ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ನಿಮ್ಮ ಮಗನನ್ನು ಕೇಳಿದರೆ, "ನಮ್ಮ ಕುದುರೆ, ಹತ್ತಿಸ್ಕೊಂಡು ಹೋಗೂದಪ, ಅದ್ಕೆಂತ ಕೇಳೂದು?" ಎಂದುಬಿಟ್ಟರು. ನಾನು ಸುಮ್ಮನಿರುವವಳೇ? ಶಿರಸಿಗೆ ಹೋಗಿ ಪಶುವೈದ್ಯೆ ಕಾವ್ಯಶ್ರೀಯವರ ಮುಂದೆ ಕುಳಿತೆ.

ಸ್ವಂತ ಕುದುರೆಯನ್ನು ಕರೆದೊಯ್ಯಲು ನನಗೆ ಲೈಸೆನ್ಸ್ ಬೇಕೇ ಎಂದು ಕೇಳಿದ್ದಕ್ಕೆ ಅವರು ನಕ್ಕರು. ಲೈಸೆನ್ಸ್ ನನಗಲ್ಲ, ಗಾಡಿಗೆ ಬೇಕಂತೆ, ಪ್ರಾಣಿ ಸಾಗಿಸಲು ತಕ್ಕದ್ದೆಂದು. ಚಂದ್ರಿಗೆ ಪ್ರಯಾಣ ಮಾಡುವಷ್ಟು ಆರೋಗ್ಯವಿದೆ ಎಂಬ ಸರ್ಟಿಫಿಕೇಟು ಬೇಕು. ನೆಲಕ್ಕೆ ಜಾರದಂತೆ ನಾರಿನ ಚಾಪೆ, ಬದಿಗಳಿಗೆ ಮೆತ್ತೆ, ಹಿಂದೆ ಗಟ್ಟಿ ಅಡ್ಡಪಟ್ಟಿ, ಹತ್ತಲು ಇಳಿಜಾರು ಹಲಗೆ, ಜೊತೆಗೆ ನೋಡಿಕೊಳ್ಳಲು ಒಬ್ಬರು. ಮುರಿದ ಸೊಂಟದ ನಿಮ್ಮನ್ನು ಭಾವನ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ ಕರೆದೊಯ್ದಾಗ ಇದರಲ್ಲಿ ಒಂದೂ ಇರಲಿಲ್ಲವಲ್ಲ ಎಂದು ನೆನಪಾಗಿ ನಗುವೂ ಬಂತು, ಪಾಪ ಎಂದೂ ಅನಿಸಿತು. ಗಾಡಿಗೆ ಕೆಂಪಕ್ಷರದ ಚೀಟಿಯನ್ನೂ ಕಟ್ಟಬೇಕು, ಕಳಿಸುವವರು ಯಾರು, ಪಡೆಯುವವರು ಯಾರು ಎಂದು. ಕಳಿಸುವವರ ಜಾಗದಲ್ಲಿ ನಿಮ್ಮ ಹೆಸರನ್ನೇ ದಪ್ಪಗೆ ಬರೆದಿದ್ದೇನೆ. ನಿಮ್ಮ ಮಗ ತಮ್ಮ ಹೆಸರು ಹಾಕು ಎಂದರು, ನಾನು ಕೇಳಲಿಲ್ಲ.

ನನಗೆ ಎಲ್ಲಕ್ಕಿಂತ ಸೋಜಿಗವೆನಿಸಿದ್ದು ಇನ್ನೊಂದು ನಿಯಮ. ಕುದುರೆಯ ಮುಖ ಎಡಕ್ಕೇ ಇರಬೇಕಂತೆ. ಬಲಕ್ಕಿದ್ದರೆ ಎದುರಿನಿಂದ ಬರುವ ಲಾರಿ, ಬಸ್ಸು ನೋಡಿ ಬೆದರುತ್ತದೆ. ಹಾಗಾದರೆ ಅವಳಿಗೆ ದಾರಿಯುದ್ದಕ್ಕೂ ಏನು ಕಾಣಬಹುದು? ನಮ್ಮ ಬಸವರಾಜ ಲಾರಿ ತಂದು ತೋರಿಸಿದಾಗ ನಾನೇ ಹಿಂದೆ ಹತ್ತಿ, ಎಡಕ್ಕೆ ಮುಖ ಮಾಡಿ ನಿಂತು, ಬನವಾಸಿ ರಸ್ತೆಯಲ್ಲಿ ಒಂದು ಸುತ್ತು ಹೊಡೆಸಿದೆ. ಎಲ್ಲರ ಅಂಗಳ ಕಾಣುತ್ತದೆ ಮಾವಾ! ಬಟ್ಟೆ ಒಣಗಿಸುವವರು, ಗೇಟಿಗೆ ಒರಗಿ ನಿಂತವರು, ಎಲ್ಲರ ಮುಖವೂ. ಗಂಟೆಗೆ ಮೂವತ್ತೈದು ಕಿಲೋಮೀಟರಿಗಿಂತ ಜೋರಾಗಿ ಓಡಿಸುವಂತಿಲ್ಲ, ಹಾಗಾಗಿ ನೋಡಲು ಪುರಸೊತ್ತೂ ಇದೆ. ಬಸವರಾಜನಿಗೆ ಮಾತ್ರ ಸಂಕಟ. "ಅಕ್ಕಾರ, ಇದೇನ್ ದಿಬ್ಬಣ ಏನ್ರೀ, ಇಷ್ಟ್ ನಿಧಾನ ಹೋಗಾಕ?" ಎನ್ನುತ್ತಾನೆ. ಅದರ ಮೇಲೆ ಹತ್ತಿರದ ದಾರಿಯ ದೇವಿಮನೆ ಘಟ್ಟ ಬೇಡ, ಯಲ್ಲಾಪುರದ ಮೇಲೆ ಸುತ್ತಿ ಹೋಗೋಣ ಎಂದು ನಾನು ಹಟ ಹಿಡಿದಿದ್ದೇನೆ. ಆ ಘಟ್ಟದಲ್ಲಿ ತಿರುವು ಹೆಚ್ಚು ಎಂದೆ. "ಆ ದಾರ್ಯಾಗಿನ ಅರಬೈಲ್ ಘಟ್ಟದಾಗ ತಿರುವು ಇಲ್ಲೇನ್ರಿ?" ಎಂದು ಕೇಳಿದ. ಕೇಳಿಸದವಳಂತೆ ಒಳಗೆ ಹೋದೆ. ನಿಮ್ಮಿಂದ ಕಲಿತದ್ದು.

ಅವತ್ತೇ ಚಂದ್ರಿಯನ್ನೂ ಹತ್ತಿಸಿ ನೋಡಿದೆವು. ಹಲಗೆಯ ಮೇಲೆ ಕಾಲೇ ಇಡಲಿಲ್ಲ. ಇವರು ಬೆಲ್ಲ ತೋರಿಸಿದರು, ಬಸವರಾಜ ಗದರಿಸಿದ. ಕೊನೆಗೆ ನಾನು ನಿಮ್ಮ ಹಾಗೆ ಗಂಟಲು ದಪ್ಪ ಮಾಡಿಕೊಂಡು, "ಬಾರೇ ತಂಗೀ" ಎಂದೆ. ಕಿವಿ ನೆಟ್ಟಗೆ ಮಾಡಿ ಹತ್ತಿಯೇಬಿಟ್ಟಳು. ಆಮೇಲೆ ಲಾರಿಯೊಳಗೆ ನಿಂತು ಆಚೆ ಈಚೆ ಕತ್ತು ಹೊರಳಿಸಿ ಬಹಳ ಹೊತ್ತು ನಿಮ್ಮನ್ನು ಹುಡುಕಿದಳು. ಇವರು ಕೊಟ್ಟಿಗೆಯ ಹಿಂದೆ ಹೋಗಿ ಕಣ್ಣೊರೆಸಿಕೊಂಡು ಬಂದರು. ನಾನು ನೋಡಲಿಲ್ಲ ಎಂದುಕೊಂಡಿದ್ದಾರೆ.

ಮಾತ್ರೆ ತಪ್ಪಿಸಬೇಡಿ, ಅತ್ತಿಗೆಯ ಮೇಲೆ ರೇಗಬೇಡಿ. ಅತ್ತಿಗೆಗೂ ಭಾವನಿಗೂ ನಮ್ಮ ನೆನಪುಗಳು. ಅಲ್ಲಿಂದಲೇ ನಮ್ಮನ್ನೆಲ್ಲ ಹರಸಿ, ಲಾರಿ ಹತ್ತಲಿರುವವಳನ್ನೂ ಸೇರಿಸಿ.

ನಿಮ್ಮ ಸೊಸೆ
ತನುಜಾ

ತಾ.ಕ.: ಮಾತು ಮುರಿಯುತ್ತಿದ್ದೇನೆ, ಬೈಯಿರಿ. ೨೪ರ ಸೋಮವಾರ ಬೆಳಿಗ್ಗೆ ಹೊರಡುತ್ತೇವೆ, ಚಂದ್ರಿಯ ಜೊತೆ ಹಿಂದೆ ನಿಲ್ಲುವವಳು ನಾನೇ. ಯಲ್ಲಾಪುರದಿಂದ ಬರುವಾಗ ಅತ್ತಿಗೆಯ ಮನೆ ರಸ್ತೆಯ ಎಡಕ್ಕೆ ಸಿಗುತ್ತದೆ. ನೀವು ವಾಕರ್ ಹಿಡಿದು ಗೇಟಿನವರೆಗೆ ಬಂದು ನಿಂತಿದ್ದರೆ ಮಾತ್ರ ಲಾರಿ ನಿಲ್ಲಿಸಬೇಕು, ಇಲ್ಲದಿದ್ದರೆ ಹೋಗುತ್ತಿರಬೇಕು ಎಂದು ಬಸವರಾಜನಿಗೆ ಹೇಳಿಟ್ಟಿದ್ದೇನೆ. ದಿನಾ ಸ್ವಲ್ಪ ಸ್ವಲ್ಪ ನಡೆದು ಅಭ್ಯಾಸ ಮಾಡಿಕೊಳ್ಳಿ, ಇನ್ನೂ ಸಮಯವಿದೆ. ನೀವು ಬಾರದಿದ್ದರೂ ಅವಳ ಮುಖ ನಿಮ್ಮ ಗೇಟಿನ ಕಡೆಗೇ ಇರುತ್ತದೆ, ನಿಯಮವೇ ಹಾಗಿದೆ.