ಕಣ್ಣಿಲ್ಲದ ಗಿಣಿಯ ಸೀರೆ

ದೇವನಹಳ್ಳಿ
೮ ಡಿಸೆಂಬರ್ ೨೦೨೪, ಭಾನುವಾರ

ಪ್ರೀತಿಯ ಅತ್ತಿಗೆ,

ಬಸ್ಸು ಹತ್ತಿದರೆ ಒಂದು ಗಂಟೆಯೊಳಗೆ ದೊಡ್ಡಬಳ್ಳಾಪುರ, ಅಷ್ಟು ಹತ್ತಿರ ಇದ್ದುಕೊಂಡು ಕಾಗದ ಬರೆಯುತ್ತಿದ್ದಾಳಲ್ಲ ಎಂದು ಗಾಬರಿಯಾಗಬೇಡಿ. ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಾವು ಕಾಶಿಯಿಂದ ಬಂದು ಎರಡು ವಾರವಾಯಿತು. ನಾನು ಫೋನು ಮಾಡಿದಾಗಲೆಲ್ಲ ನೀವು, "ಮಗ್ಗ ಓಡ್ತಾ ಐತೆ ಕಣಮ್ಮಾ, ಏನೂ ಕೇಳ್ಸಲ್ಲ" ಎಂದು ಇಟ್ಟುಬಿಡುತ್ತೀರಿ. ಯಾವ ಹೊತ್ತಿಗೆ ಮಗ್ಗ ನಿಲ್ಲುತ್ತದೆಂದು ಆ ಮನೆಯಲ್ಲೇ ಬೆಳೆದ ನನಗೆ ಗೊತ್ತಿಲ್ಲವೇ? ಗೊತ್ತಿದ್ದೂ ಓಡುವ ಹೊತ್ತಿಗೇ ಮಾಡುತ್ತಿದ್ದೆ. ನೀವು ಇಟ್ಟಾಗ ಒಳಗೊಳಗೇ ಹಗುರವಾಗುತ್ತಿತ್ತು.

ನಿನ್ನೆ ಅಣ್ಣ ಫೋನು ಮಾಡಿದ್ದ. ನಗುತ್ತಲೇ ಹೇಳಿದ, "ನಿಮ್ಮತ್ತಿಗೆ ಬೀದಿಗೆಲ್ಲ ಗಂಗೆ ಹಂಚಿದ್ಲು ಕಣೇ. ತಾನು ಮಾತ್ರ ಒಂದು ಹನಿ ತಲೆ ಮೇಲೆ ಹಾಕ್ಕಂಡಿಲ್ಲ. ಯಾಕೆ ಅಂದ್ರೆ, ನಂದು ಅಲ್ಲೇ ಆಯ್ತು, ಮೂರು ಮುಳುಗು ಹಾಕ್ದೆ ಅಂತಾಳೆ." ಅವನು ಇನ್ನೇನೇನೋ ಹೇಳಿದ, ನನಗೆ ಮುಂದೆ ಕೇಳಿಸಲಿಲ್ಲ. ನೀವು ಮುಳುಗು ಹಾಕಲಿಲ್ಲವೆಂದು ಬಲ್ಲವಳು ನಾನು. ನನಗಾಗಿ ನೀವು ಹೇಳಿದ ಸುಳ್ಳು ಇದು ಮೂರನೆಯದು. ಅದಕ್ಕೇ ಕುಳಿತು ಬರೆಯುತ್ತಿದ್ದೇನೆ.

ನಮ್ಮ ಕಾಲೇಜಿನ ಅನುಸೂಯಮ್ಮನವರು, ಲೈಬ್ರರಿಯ ಮಮತ, ನಾನು ಮೂವರೇ ಹೊರಟಿದ್ದ ಪ್ರವಾಸ ಅದು. ನಿಮ್ಮನ್ನು ಕರೆದವಳು ನಾನು. ಮದುವೆಯಾಗಿ ಬಂದಾಗಿನಿಂದ ಮಗ್ಗ ಬಿಟ್ಟು ನಾಲ್ಕು ದಿನ ಎಲ್ಲಿಗೂ ಹೋಗದವರಿಗೆ ಕಾಶಿ ತೋರಿಸುತ್ತೇನೆಂಬ ಹೆಮ್ಮೆ ನನಗಿತ್ತು. ಅಣ್ಣ ವಿಮಾನ ನಿಲ್ದಾಣದ ಬಾಗಿಲಲ್ಲಿ ನಿಂತು, "ಮುಳುಗಿ ಅಲ್ಲೇ ಇದ್ದುಬಿಟ್ಟೀಯೆ, ಎರಡು ಮಗ್ಗ ಕಾಯ್ತಾವೆ" ಎಂದು ಕಿಚಾಯಿಸಿದಾಗ ನೀವು ಹೊಸ ಮದುಮಗಳ ಹಾಗೆ ನಕ್ಕಿರಿ.

ಮೊದಲ ಸಂಜೆ ದೋಣಿಯಲ್ಲಿ ನಾನು ಬಹಳ ಮಾತಾಡಿದೆ. ಆಚೆ ದಡದ ಮರಳು, ಮೆಟ್ಟಿಲಿನ ಮೇಲೆ ಕಿಕ್ಕಿರಿದ ಪ್ರವಾಸಿಗರು, ಆರತಿ ನೋಡಲು ಒಂದಕ್ಕೊಂದು ಒತ್ತಿಕೊಂಡು ನಿಂತ ದೋಣಿಗಳು. ಕವಿತೆಯ ಸಾಲುಗಳು ಬಾಯಿಗೆ ಬಂದವು. ಹಾಸೂ ಹೊಕ್ಕೂ ಸೇರಿ ಬಟ್ಟೆಯಾಗುವ ಹಾಗೆ ಮಾತೂ ಮೌನವೂ ಸೇರಿ ಕವಿತೆಯಾಗುತ್ತದೆ ಎಂದೆ. ನಮ್ಮದು ಕೈಮಗ್ಗದ ಮನೆತನ ಎಂದೂ ಹೇಳಿದೆ. ಸ್ಟಾಫ್ ರೂಮಿನಲ್ಲಿ ಎಷ್ಟೋ ವರ್ಷದಿಂದ ಹೇಳಿಕೊಂಡು ಬಂದ ಮಾತು. ನಾನು ಶಾಲೆಗೆ ಸೇರುವ ಮೊದಲೇ ಅಜ್ಜ ಕೈಯಲ್ಲಿ ನೇಯುತ್ತಿದ್ದ ಗುಂಡಿಮಗ್ಗ ಕಿತ್ತು ಗುಂಡಿ ಮುಚ್ಚಿಸಿ, ಅಲ್ಲೇ ಶೀಟಿನ ಶೆಡ್ಡು ಹಾಕಿಸಿ, ಕರೆಂಟಿನ ಪವರ್‌ಲೂಮು ಕೂರಿಸಿದ್ದರೆಂದು ಯಾರಿಗೂ ಹೇಳಿಲ್ಲ. ನೀವು ಪಕ್ಕದಲ್ಲೇ ಇದ್ದಿರಿ. ಒಂದು ಸಲ ನನ್ನನ್ನು ನೋಡಿ, ಮತ್ತೆ ನೀರು ನೋಡಿದಿರಿ.

ದೋಣಿ ಇಳಿದು ಸ್ನಾನಘಟ್ಟದ ಮೆಟ್ಟಿಲು ಹತ್ತಿ ಆ ಓಣಿಯ ಸೀರೆ ಅಂಗಡಿಗೆ ಹೋದೆವು. "ನೇಕಾರರ ಮಗಳು ಜೊತೇಲಿದ್ದಾಳೆ, ನಮಗ್ಯಾರು ಟೋಪಿ ಹಾಕ್ತಾರೆ?" ಎಂದು ಅನುಸೂಯಮ್ಮ ಬಿಳಿ ಹಾಸಿಗೆಯ ಮೇಲೆ ಆರಾಮಾಗಿ ಕುಳಿತರು. ಅಂಗಡಿಯವನು ಕೆಂಪು ಸೀರೆಯೊಂದನ್ನು ಹರಡಿ, ಒಬ್ಬ ಮುದುಕ ನಾಲ್ಕು ತಿಂಗಳು ಕುಳಿತು ಕೈಯಲ್ಲಿ ನೇಯ್ದದ್ದು ಎಂದ. ನೀವು ಸೆರಗು ಎತ್ತಿ ಕಣ್ಣಿನ ಹತ್ತಿರ ಹಿಡಿದವರು ಕೇಕೆ ಹಾಕಿ ನಕ್ಕುಬಿಟ್ಟಿರಿ. "ಅಯ್ಯೋ ಪಮ್ಮೀ, ನೋಡೇ, ನಮ್ ಕುರುಡು ಗಿಣಿಗಳು! ನಮಗಿಂತ ಮುಂಚೇನೇ ಕಾಶಿಗೆ ಬಂದ್ಬಿಟ್ಟಾವೆ!"

ಎರಡು ವರ್ಷದ ಕೆಳಗೆ ನಮ್ಮ ಶೆಡ್ಡಿನಲ್ಲಿ ಆದ ತಪ್ಪು ಅದು. ಮಗ್ಗಕ್ಕೆ ವಿನ್ಯಾಸ ತಿಳಿಸುವ ರಟ್ಟಿನ ಕಾರ್ಡಿನಲ್ಲಿ ಒಂದು ತೂತು ಬಿಟ್ಟುಹೋಗಿ, ಗಿಣಿಗಳೆಲ್ಲ ಕಣ್ಣಿಲ್ಲದೆ ಹುಟ್ಟಿದವು. ಯಾರೋ ಗಮನಿಸುವಷ್ಟರಲ್ಲಿ ನೂರು ಸೀರೆ ಆಗಿಹೋಗಿತ್ತು. ಅಣ್ಣ ಅಷ್ಟನ್ನೂ ಹೊರಗಿನ ವ್ಯಾಪಾರಿಗೆ ದಾಟಿಸಿದ. ಆ ಯುಗಾದಿಗೆ ಬಂದಿದ್ದ ನಾನೂ ನಿಮ್ಮ ಜೊತೆ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ಆದರೆ ಆ ಅಂಗಡಿಯಲ್ಲಿ ನಾನು ಹೇಳಿದ್ದು, "ಅತ್ತಿಗೆ, ಸುಮ್ನಿರಿ. ಇದು ಕೈಮಗ್ಗ. ನಿಮಗೆ ಇದೆಲ್ಲ ಗೊತ್ತಾಗಲ್ಲ."

ಮೂವತ್ತೆರಡು ವರ್ಷ ಮಗ್ಗದ ಮುಂದೆ ನಿಂತವರಿಗೆ ಹಾಗೆಂದೆ. ನೀವು ಸೆರಗನ್ನು ಮಡಿಸಿದ್ದ ಹಾಗೆಯೇ ಮಡಿಸಿ ಇಟ್ಟಿರಿ. ಅವರಿಬ್ಬರೂ ನನ್ನ ಮುಖ ನೋಡಿದರು. ಅಸಲಿ ಎಂದೆ. ಅನುಸೂಯಮ್ಮ ಬರುವ ಸೊಸೆಗೆ, ಮಮತ ತನಗೆ, ನನ್ನ ಮಾತಿಗೆ ನಾನೇ ಸಾಕ್ಷಿಯೆಂಬಂತೆ ನಾನೂ ಒಂದು, ಹೀಗೆ ಅದೇ ಗಿಣಿಗಳ ಮೂರು ಸೀರೆ ಕೊಂಡೆವು.

ಅವಸರದಲ್ಲಿ ಗುರುತು ಸಿಗಲಿಲ್ಲ ಎಂದು ಬರೆಯಬಹುದಿತ್ತು. ಈ ಪತ್ರದ ಮೊದಲ ಪ್ರತಿಯಲ್ಲಿ ಹಾಗೇ ಬರೆದು ಹರಿದು ಹಾಕಿದೆ. ಅತ್ತಿಗೆ, ನಿಮಗಿಂತ ಮುಂಚೆ ನನಗೇ ಗೊತ್ತಾಯಿತು. ಸೀರೆ ಹರಡಿದ ಕ್ಷಣವೇ. ನೀವು ನೋಡದಿದ್ದರೆ ಸಾಕು ಎಂದುಕೊಳ್ಳುತ್ತಿದ್ದೆ.

ಮರುದಿನ ಬೆಳಗ್ಗೆ ನಡೆದದ್ದನ್ನು ಬರೆಯಲು ಕೈ ಬರುತ್ತಿಲ್ಲ. ಮಂಜು ಇತ್ತು. ನೀವು ಸೆರಗಿನಲ್ಲಿ ಅರಿಶಿನ ಕುಂಕುಮ ಕಟ್ಟಿಕೊಂಡು, ಮೊಣಕಾಲಿನವರೆಗೆ ನೀರಿಗಿಳಿದು, ಅಮ್ಮನ ಹೆಸರಲ್ಲೊಂದು, ಅಪ್ಪನ ಹೆಸರಲ್ಲೊಂದು, ಮನೆಯವರೆಲ್ಲರ ಹೆಸರಲ್ಲೊಂದು ಮುಳುಗು ಎಂದು ಲೆಕ್ಕ ಹಾಕಿಕೊಳ್ಳುತ್ತಿದ್ದಿರಿ. ಮೆಟ್ಟಿಲ ಮೇಲೆ ಚಹಾ ಕುಡಿಯುತ್ತಿದ್ದ ಅನುಸೂಯಮ್ಮ ತಮಾಷೆಗೇ ಕೇಳಿದರು, "ವರಲಕ್ಷ್ಮಮ್ಮಾವ್ರೇ, ನಿನ್ನೆ ಸೀರೆ ನೋಡಿ ಏನೋ ಅಂದ್ರಲ್ಲ. ಗಂಗೇಲಿ ನಿಂತಿದೀರ, ಈಗ ಹೇಳಿ, ಕೈಮಗ್ಗದ್ದು ಹೌದೋ ಅಲ್ವೋ?"

ನೀವು ನನ್ನ ಕಡೆ ತಿರುಗಿದಿರಿ. ನಾನು ದೋಣಿಯ ಸುತ್ತ ಹಾರುತ್ತಿದ್ದ ಬಿಳಿ ಹಕ್ಕಿಗಳನ್ನು ನೋಡತೊಡಗಿದೆ.

"ಕೈಮಗ್ಗದ್ದೇ ಕಣಮ್ಮಾ. ನನ್ ಕಣ್ಣು ಮಂಜು" ಎಂದಿರಿ.

ಆಮೇಲೆ ನೀವು ಮುಳುಗದೆಯೇ ಮೇಲೆ ಬಂದಿರಿ. ಯಾಕೆಂದು ಮಮತ ಕೇಳಿದ್ದಕ್ಕೆ ಚಳಿ ಎಂದಿರಿ. ಅಷ್ಟು ದೂರ ಹೋದದ್ದು ಆ ಮೂರು ಮುಳುಗಿಗೆ. ಸುಳ್ಳಾಡಿದ ಬಾಯಲ್ಲಿ ಸತ್ತವರ ಹೆಸರು ಹೇಳಬಾರದೆಂದು ನಿಮಗೆ ಅನ್ನಿಸಿತೇನೋ. ಕೇಳುವ ಧೈರ್ಯ ನನಗಿರಲಿಲ್ಲ. ಒದ್ದೆ ನೆರಿಗೆ ಹಿಂಡುತ್ತಿದ್ದ ನಿಮಗೆ ಟವೆಲು ಕೊಟ್ಟೆ, ಅಷ್ಟೇ.

ಮತ್ತೊಮ್ಮೆ ಕಾಶಿಗೆ ಕರೆದುಕೊಂಡು ಹೋಗುತ್ತೇನೆ ಎಂದು ಹೇಳುವುದಿಲ್ಲ. ಅದರಿಂದ ಸರಿಹೋಗುವಂಥದ್ದಲ್ಲ ಇದು. ಒಂದನ್ನು ಮಾತ್ರ ಕೇಳಿಕೊಳ್ಳುತ್ತೇನೆ. ಅಣ್ಣ ಮತ್ತೆ ಕೇಳಿದರೆ ನಡೆದದ್ದನ್ನು ನಡೆದ ಹಾಗೆ ಹೇಳಿಬಿಡಿ. ಅವನು ನನ್ನನ್ನು ಬಾಯಿಗೆ ಬಂದಂತೆ ಬೈಯಲಿ. ನನ್ನ ಮಾನ ಕಾಯುವ ಕೆಲಸ ನಿಮಗೆ ಸಾಕು. ಅವರಿಬ್ಬರಿಗೆ ಸೀರೆಯ ವಿಷಯ ನಾನೇ ಹೇಳುತ್ತೇನೆ.

ಮುಂದಿನ ಭಾನುವಾರ ಮಗ್ಗ ನಿಲ್ಲುವ ಹೊತ್ತಿಗೆ ಬರುತ್ತೇನೆ. ನೀವು ಮಾತಾಡದಿದ್ದರೂ ಕೂತಿದ್ದು ಬರುತ್ತೇನೆ.

ನಿಮ್ಮ ಕಣ್ಣು ತಪ್ಪಿಸಿದ
ಪಮ್ಮಿ

ತಾ.ಕ.: ಇವತ್ತು ಗುರುವಾರ. ಅವರಿಬ್ಬರಿಗೂ ಹೇಳಿದೆ. ಮಮತ ತಲೆ ತಗ್ಗಿಸಿಕೊಂಡೇ, "ಗೊತ್ತಿತ್ತು ಮೇಡಂ. ಅವ್ರು ಸ್ನಾನ ಮಾಡ್ದೆ ಮೇಲೆ ಬಂದಾಗ್ಲೇ ಗೊತ್ತಾಯ್ತು" ಎಂದಳು. ಇಷ್ಟು ದಿನ ನನಗೆ ನಾಚಿಕೆಯಾಗಬಾರದೆಂದು ಇಬ್ಬರೂ ಸುಮ್ಮನಿದ್ದರಂತೆ. ಅನುಸೂಯಮ್ಮ ಒಂದೇ ಮಾತು ಕೇಳಿದರು, "ನಮ್ಮ ಹತ್ರ ಹೇಳಿದ್ದು ಸರಿ. ನಿಮ್ಮತ್ತಿಗೆ ಹತ್ರ ಹೇಳಿದ್ರಾ?" ಹೇಳಿದೆ, ಪತ್ರ ಬರೆದೆ ಎಂದೆ. ಬರೆದು ನಾಲ್ಕು ದಿನವಾದರೂ ಅದು ಇನ್ನೂ ಅಂಚೆಗೆ ಬೀಳದೆ ನನ್ನ ಬ್ಯಾಗಿನಲ್ಲೇ ಇತ್ತು.