ಅಳದೆ ದಾರಿ ಹೇಳುವ ನನ್ನ ತಂಗಿ

ಮಾನ್ಯ ಬಾನುಲಿ ನಿರ್ದೇಶಕರೇ,

ಸಾವಿನ ಸುದ್ದಿಯನ್ನೂ ಮಣ್ಣಿಗೆ ಬರುವವರಿಗೆ ದಾರಿಯನ್ನೂ ರೇಡಿಯೊದಲ್ಲಿ ಓದುವ ಕೆಲಸದಿಂದ ನನ್ನ ತಂಗಿ ನಜ್ಜೆಂಬಾಳನ್ನು ತೆಗೆದು, ಆ ಕುರ್ಚಿಯಲ್ಲಿ ನನ್ನನ್ನು ಕೂರಿಸಲು ತಾವು ತೀರ್ಮಾನಿಸಿದ್ದೀರಿ. ಅವಳ ದನಿಯಲ್ಲಿ ದುಃಖವಿಲ್ಲವಂತೆ, ನನ್ನ ದನಿಯಲ್ಲಿ ಅದು ಧಾರಾಳವಾಗಿದೆಯಂತೆ. ತಮ್ಮ ಕಿವಿ ಸರಿಯಾಗಿಯೇ ಇದೆ. ಆದರೆ ನನ್ನ ದನಿಯಲ್ಲಿರುವುದು ದುಃಖವಲ್ಲ, ಹೊಟ್ಟೆಕಿಚ್ಚು. ಅವಳು ಹುಟ್ಟಿದಂದಿನಿಂದ ಜೋಪಾನವಾಗಿ ಕಾಪಾಡಿಕೊಂಡು ಬಂದದ್ದು.

ನಜ್ಜೆಂಬಾಳಿಗೆ ಆಟಿಸಂ ಇದೆ. ಇದನ್ನು ಕೇಳಿದೊಡನೆ ಮಸಾಕಾ ಪೇಟೆಯವರೆಲ್ಲ ‘ಅಯ್ಯೋ ಪಾಪ’ ಎನ್ನುತ್ತಾರೆ. ಪಾಪ ಯಾರು ಸ್ವಾಮಿ? ಮದುವೆ ಮನೆಯಲ್ಲಿ ಮೈಕಿನ ಗದ್ದಲ ಜೋರಾದರೆ ಅವಳು “ನಂಗೆ ಸಾಕು, ಹೋಗ್ತೀನಿ” ಎಂದು ಎದ್ದು ನಡೆಯುತ್ತಾಳೆ. ನಾನು ಹೆಣ್ಣಿನ ಕಡೆಯವರ ಭಾಷಣ, ಗಂಡಿನ ಕಡೆಯವರ ಉತ್ತರ, ಉತ್ತರಕ್ಕೆ ಪ್ರತ್ಯುತ್ತರ ಎಲ್ಲ ಮುಗಿಯುವವರೆಗೆ, ತಣ್ಣಗಾಗುತ್ತಿರುವ ಬಾಳೆಕಾಯಿಯ ಮಟೋಕೆಯನ್ನು ನೋಡುತ್ತ ಹಲ್ಲು ಕಿರಿದುಕೊಂಡು ಕೂತಿರುತ್ತೇನೆ. ದಾರಿಯಲ್ಲಿ ಯಾರಾದರೂ ಎದುರಾದರೆ ನಾನು ಮನೆ ಹೇಗಿದೆ, ಮಕ್ಕಳು ಹೇಗಿದ್ದಾರೆ, ಬಾಳೆತೋಟ ಹೇಗಿದೆ, ‘ದುಡಿದದ್ದಕ್ಕೆ ಉಪಕಾರವಾಯಿತು’ ಎಂದು ನಮ್ಮ ಪದ್ಧತಿಯ ಕುಶಲವೆಲ್ಲ ಮುಗಿಸುವಷ್ಟರಲ್ಲಿ ನಾನು ಹತ್ತಬೇಕಾದ ವ್ಯಾನು ಹೊರಟುಹೋಗಿರುತ್ತದೆ. ಅವಳು ಕೇಳುವುದು ಒಂದೇ ಪ್ರಶ್ನೆ: “ಮಂಡಿನೋವು ಹೇಗಿದೆ?” ಕೇಳಿ, ಉತ್ತರಕ್ಕಾಗಿ ಕಾಯುತ್ತಾಳೆ! ನಮ್ಮಲ್ಲಿ ಉತ್ತರಕ್ಕೆ ಕಾಯುವವರನ್ನು ತಾವು ಎಲ್ಲಾದರೂ ಕಂಡಿದ್ದೀರಾ?

ಇಡೀ ಪೇಟೆಯ ಗುಟ್ಟುಗಳು ಅವಳಿಗೆ ಗೊತ್ತು. ಅವಳು ಯಾರಿಗೂ ಹೇಳುವುದಿಲ್ಲವೆಂದು ಜನ ತಾವಾಗಿಯೇ ಬಂದು ಸುರಿದು ಹೋಗುತ್ತಾರೆ. ಹಾಸ್ಯ ಅಂಕಣ ಬರೆದು ಹೊಟ್ಟೆ ಹೊರೆಯುವ ನಾನು ಅದೇ ಸೂರಿನಡಿ ಸುದ್ದಿಗಾಗಿ ಹಸಿದು ಬಿದ್ದಿದ್ದೇನೆ. ಇದು ಯಾವ ನ್ಯಾಯ? ಆಟಿಸಂ ಇರುವವರೆಲ್ಲ ಹೀಗೆಯೇ ಎಂದು ನಾನು ಹೇಳಲಾರೆ. ಅಷ್ಟೊಂದು ಜನರ ಮೇಲೆ ಹೊಟ್ಟೆಕಿಚ್ಚು ಪಡುವ ತ್ರಾಣ ನನಗಿಲ್ಲ.

ಇನ್ನು ಅವಳ ದಾರಿಯ ಹುಚ್ಚು. ಚಿಕ್ಕಂದಿನಿಂದ ಅವಳಿಗೆ ದಾರಿಗಳೆಂದರೆ ಪ್ರಾಣ. ರಜೆಯ ದಿನ ಬಾಡಿಗೆಯ ಬೋಡಾ ಬೈಕಿನ ಹಿಂದೆ ಕೂತು ತಿರುವುಗಳನ್ನು ನೋಡಿಬರುವುದೇ ಅವಳ ಸುಖ. ನಮ್ಮ ಸೋದರತ್ತೆ ತೀರಿಕೊಂಡಾಗ ರೇಡಿಯೊಗೆ ನಾನೇ ಸುದ್ದಿ ಬರೆದುಕೊಟ್ಟೆ. ಬರೆಯುತ್ತ ನಾನೇ ಅತ್ತಿದ್ದೆ, ಅಷ್ಟು ಚೆನ್ನಾಗಿತ್ತು. ಅವಳು ಓದಿ ತಲೆಯೆತ್ತಿದಳು.

“ಅಣ್ಣ, ‘ಸರೋವರದಂಥ ಹೃದಯ’ ಅಂದ್ರೆ ಯಾವ ತಿರುವಲ್ಲಿ ಇಳೀಬೇಕು?”

“ಅದು ದಾರಿ ಅಲ್ಲ ಕಣೆ, ಹೊಗಳಿಕೆ!”

“ಹಂಗಾದ್ರೆ ಬೇಡ. ಹೊಗಳಿಕೆ ಹಿಡ್ಕೊಂಡು ಊರು ಸೇರಕ್ಕಾಗಲ್ಲ.”

“ದಾರೀನೂ ಬರ್ದಿದೀನಲ್ಲೇ, ದೊಡ್ಡ ಹಲಸಿನ ಮರದ ಹತ್ರ ಎಡಕ್ಕೆ ಅಂತ.”

“ಆ ಮರ ಬಿದ್ದೋಯ್ತು. ಈಗ ಅಲ್ಲಿ ಬೋಡಾದವರ ಹಳದಿ ಕೊಡೆ ಇದೆ.”

ನನ್ನ ಸರೋವರ ಬತ್ತಿತು, ಹಳದಿ ಕೊಡೆ ಉಳಿಯಿತು. ಅವಳು ಅದನ್ನು ಹವಾಮಾನ ವರದಿಯಂತೆ ಓದಿದಳು.

ಅತ್ತೆಯನ್ನು ಮಣ್ಣು ಮಾಡಿದ್ದು ಗಂಡನ ಮನೆಯಲ್ಲಲ್ಲ, ನಮ್ಮ ಪದ್ಧತಿಯಂತೆ ತಂದೆಯ ಕುಲದವರ ಸಮಾಧಿಗಳ ನಡುವೆ. ಅತ್ತೆಯ ಒಬ್ಬನೇ ಮಗ ಸ್ಸೆಬುಲಿಬಾ ಗಡಿಯಾಚೆ ಲಾರಿ ಓಡಿಸುವವನು. ಆ ಜಾಗವನ್ನು ಮಗುವಾಗಿದ್ದಾಗ ಕಂಡಿದ್ದನಷ್ಟೆ, ನೆನಪಿದ್ದದ್ದು ಹಲಸಿನ ಮರವೊಂದೇ. ಫೋನು ಸತ್ತುಹೋಗಿತ್ತು. ಊರಿಗೆ ಮರಳುತ್ತಿದ್ದ ವ್ಯಾನಿನ ರೇಡಿಯೊದಲ್ಲಿ ನಜ್ಜೆಂಬಾಳ ದನಿ ಕೇಳಿ, ಹಳದಿ ಕೊಡೆಯ ಬಳಿ ಇಳಿದು ಓಡಿ ಬಂದ. ಗುಂಡಿ ಇನ್ನೂ ತೆರೆದಿತ್ತು. ತಾಯಿಗೆ ಒಂದು ಹಿಡಿ ಮಣ್ಣು ಹಾಕಿದ. ಆಮೇಲೆ ನೇರ ನಮ್ಮ ಕಡೆ ಬಂದ. ನಾನು ತಬ್ಬಿಕೊಳ್ಳಲು ತೋಳು ಚಾಚಿದೆ. ಅವನು ನನ್ನನ್ನು ದಾಟಿ ಅವಳೆದುರು ನಿಂತ. ಅವಳಿಗೆ ಮುಟ್ಟಿಸಿಕೊಳ್ಳುವುದು ಆಗದೆಂದು ಅವನಿಗೂ ಗೊತ್ತು.

“ಕೊಡೆ ಸಿಕ್ತು ಕಣೆ,” ಎಂದ.

“ಸಿಗ್ಲೇಬೇಕು. ಅತ್ತೆ ಹೋದ್ರು ಅಂತ ಗೊತ್ತಾದ ತಕ್ಷಣ ಹೋಗಿ ನೋಡ್ಕೊಂಡ್ ಬಂದೆ.”

ಅವಳಿಗೆ ದುಃಖವಿಲ್ಲ ಎಂದಿರಲ್ಲ ನಿರ್ದೇಶಕರೇ? ಅವಳು ಆ ತಿರುವಿನಲ್ಲಿ ನಿಂತಿದ್ದ ಹೊತ್ತಿಗೆ ನಾನು ಮನೆಯಲ್ಲಿ ಹೃದಯಕ್ಕೆ ಸರೋವರ ಹುಡುಕುತ್ತಿದ್ದೆ. ಚಾಚಿದ ತೋಳನ್ನು ಏನು ಮಾಡುವುದೆಂದು ತಿಳಿಯದೆ ಹಾಲು ಚಹಾದ ಲೋಟ ಹಿಡಿದುಕೊಂಡೆ.

ತಮ್ಮ ಆದೇಶ ಬಂದ ದಿನ ಅವಳು ಮುನಿಸಿಕೊಳ್ಳಲೂ ಇಲ್ಲ, ಹೊಟ್ಟೆ ಉರಿಸಲು ಅದೊಂದು ಬಾಕಿಯಿತ್ತು. “ಕಲುಂಗು ರಸ್ತೆ ಸೇತುವೆ ಕಿತ್ತೋಗಿದೆ, ಬಳಸುದಾರಿ ಹೇಳೋದು ಮರೀಬೇಡ,” ಎಂದಷ್ಟೇ ಹೇಳಿದಳು. ಆಮೇಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಊಟಕ್ಕೆ ಕರೆದರೆ ಬರಲಿಲ್ಲ. ರಜೆಯ ದಿನವೂ ಬೋಡಾ ಹತ್ತಲಿಲ್ಲ.

ಆದ್ದರಿಂದ ನನ್ನ ಬೇಡಿಕೆ: ಆ ಕುರ್ಚಿ ಅವಳಿಗೇ ಇರಲಿ. ಇದರಲ್ಲಿ ನನ್ನ ಸ್ವಾರ್ಥವೂ ಉಂಟು. ಮೊನ್ನೆ ಬಾಗಿಲಾಚೆಯಿಂದ ಕೇಳಿದೆ: “ನಾನು ಸತ್ರೆ ಏನಂತ ಓದ್ತೀಯೆ?”

“ನನ್ನಣ್ಣ. ಕಾಫಿ ಗಿರಣಿ ದಾಟಿ ಬಲಕ್ಕೆ.”

“‘ಪ್ರಸಿದ್ಧ’ ಅಂತ ಸೇರಿಸೇ.”

“ಜನಕ್ಕೆ ನೀನು ಗೊತ್ತಿದ್ರೆ ಅದು ಯಾಕೆ? ಗೊತ್ತಿಲ್ದಿದ್ರೆ ಅದು ಸುಳ್ಳು.”

ನಾನೇ ಅಲ್ಲಿ ಕೂತರೆ ನನ್ನ ಸಾವನ್ನು ಯಾರು ಓದುತ್ತಾರೆ? ಯಾರೋ ಅಳುಬುರುಕ ಓದುತ್ತಾನೆ. ಊರೆಲ್ಲ ಕಣ್ಣೊರೆಸಿಕೊಂಡು ಎಡಕ್ಕೆ ತಿರುಗುತ್ತದೆ.

ಇಂತಿ,
ಹೊಟ್ಟೆಕಿಚ್ಚಿನಲ್ಲಿ ಹದವಾಗಿ ಬೆಂದಿರುವ,
ನಜ್ಜೆಂಬಾಳ ಅಣ್ಣ
ಕಾಫಿ ಗಿರಣಿ ದಾಟಿ ಬಲಕ್ಕೆ